ಬೆಳಕನ್ನು ಬೆನ್ನಟ್ಟುವ ವಸ್ತು



ಬಂಡಿಯನ್ನು ತಳ್ಳುತ್ತ ಹೋದರೆ ಅದರ ಓಟ ಹೆಚ್ಚುತ್ತ ಹೋಗುವುದು ಎಲ್ಲರ ಅನುಭವ. ಹಾಗಿದ್ದರೆ, ತಳ್ಳುವುದನ್ನು ನಿಲ್ಲಿಸದೆಯೇ ಇದ್ದಲ್ಲಿ ವಸ್ತುವೊಂದು ಎಂದಾದರೂ ಬೆಳಕಿನ ವೇಗವನ್ನು ಮುಟ್ಟಲೇಬೇಕಲ್ಲವೆ? ಆ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. ದೊಡ್ಡದೇನೋ ಹೌದು, ಅನಂತವಲ್ಲ. ನ್ಯೂಟನ್ನನ ಗತಿನಿಯಮಗಳಲ್ಲಿ ಇದಕ್ಕೆ ಅಡ್ಡಿಯೇನೂ ಕಾಣದು. ಅಡ್ಡಿಯುಂಟೆಂದು 1905ರಲ್ಲಿ ತೋರಿಸಿದವರು ಐನ್‌ಸ್ಟೈನ್.

ಗಣಿತವನ್ನು ಬದಿಗಿಟ್ಟು ಒಂದು ಪ್ರಯೋಗವನ್ನು ನೋಡೋಣ. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ವಿಲಿಯಂ ಬರ್ಟೋಝಿ ಅವರು 1964ರಲ್ಲಿ ಇದನ್ನು ಪ್ರಕಟಿಸಿದರು. ಎಲೆಕ್ಟ್ರಾನುಗಳನ್ನು ವಿದ್ಯುದ್ಬಲದಿಂದ ದೂಡಿ, 8.4 ಮೀಟರು ದಾರಿಯನ್ನು ಹಾಯಲು ಅವಕ್ಕೆ ಹಿಡಿಯುವ ಕಾಲವನ್ನು ಅವರು ಅಳೆದರು. ಒಂದೊಂದು ಎಲೆಕ್ಟ್ರಾನಿನ ಚೈತನ್ಯವನ್ನು 15 ಲಕ್ಷ ಎಲೆಕ್ಟ್ರಾನ್ ವೋಲ್ಟಿನಿಂದ 45 ಲಕ್ಷಕ್ಕೆ ಏರಿಸಿದಾಗ, ನ್ಯೂಟನ್ನನ ಲೆಕ್ಕದಂತೆ ವೇಗವು ಹತ್ತಿರ ಹತ್ತಿರ ಒಂದೂಮುಕ್ಕಾಲು ಪಟ್ಟಾಗಬೇಕು. ಆದದ್ದು ನೂರಕ್ಕೆ ಸುಮಾರು ಮೂರರಷ್ಟು ಹೆಚ್ಚಳ ಮಾತ್ರ.

ಯಂತ್ರವು ಒದಗಿಸಿದ ಚೈತನ್ಯ ಎಲೆಕ್ಟ್ರಾನುಗಳಿಗೆ ತಲಪಿಯೇ ಇಲ್ಲವೇನೋ ಎಂದು ಸಂಶಯಪಡಬಹುದು. ನ್ಯಾಯವಾದ ಸಂಶಯವೇ. ಬರ್ಟೋಝಿ ಅವರು ದಾರಿಯ ಕೊನೆಯಲ್ಲಿ ಅಲ್ಯೂಮಿನಿಯಂ ಬಿಲ್ಲೆಯೊಂದನ್ನಿಟ್ಟು, ಎಲೆಕ್ಟ್ರಾನುಗಳ ಹೊಡೆತಕ್ಕೆ ಅದು ಎಷ್ಟು ಕಾಯುವುದೆಂದು ಪರೀಕ್ಷಿಸಿದರು. ಒಂದೊಂದು ಎಲೆಕ್ಟ್ರಾನು ತಂದ ಶಾಖವು ಮೂರು ಪಟ್ಟಾಗಿಯೇ ಇದ್ದಿತು! ಕೊಟ್ಟದ್ದೆಲ್ಲ ಸಂದಿತ್ತು, ವೇಗವಾಗಿ ಮಾತ್ರ ಮಾರ್ಪಟ್ಟಿರಲಿಲ್ಲ.

ವೇಗ ಹೆಚ್ಚಿದಂತೆ ವಸ್ತುವಿನ ದ್ರವ್ಯರಾಶಿಯೇ ಬೆಳೆಯುವುದೆಂದು ಹೇಳುವ ವಾಡಿಕೆಯುಂಟು. ನನಗೆ ಆ ಮಾತು ಅಷ್ಟಾಗಿ ಹಿಡಿಸದು. ವಸ್ತುವಿನೊಡನೆಯೇ ಪಯಣಿಸುವವನಿಗೆ ಅದರಲ್ಲಿ ಏನೂ ಬೆಳೆದಂತೆ ತೋರದು. ಅವನು ವರ್ಷಗಟ್ಟಲೆ ವೇಗವನ್ನೇರಿಸಿಕೊಂಡು ಬಂದು, ಆಮೇಲೆ ಮುಂದಕ್ಕೊಂದು ದೀಪ ಬೀರಿದನೆನ್ನಿ. ಆ ಬೆಳಕು ಅವನಿಂದ ಅದೇ 3 ಲಕ್ಷ ಕಿಲೋಮೀಟರು ವೇಗದಲ್ಲಿ ದೂರ ಸರಿಯುತ್ತದೆ. ಅವನ ಪಾಲಿಗೆ ಬೆನ್ನಟ್ಟುವಿಕೆ ಇನ್ನೂ ಆರಂಭವೇ ಆಗಿಲ್ಲ! ನಿಂತು ನೋಡುವ ನಮಗಾದರೋ ಒಂದೊಂದು ತಳ್ಳಿಗೂ ಇಬ್ಬರ ವೇಗಗಳ ಅಂತರ ಕಿರಿದಾಗುತ್ತ ಹೋಗುತ್ತದೆ. ಅದನ್ನು ಪೂರ್ತಿ ಅಳಿಸಲು ಅನಂತ ಚೈತನ್ಯ ಬೇಕು.

ಜಿನೀವಾದ ಬಳಿ 27 ಕಿಲೋಮೀಟರು ಸುತ್ತಳತೆಯ ಸುರಂಗದೊಳಗೆ 2000ದಲ್ಲಿ ಎಲೆಕ್ಟ್ರಾನೊಂದಕ್ಕೆ ಸುಮಾರು 10,400 ಕೋಟಿ ಎಲೆಕ್ಟ್ರಾನ್ ವೋಲ್ಟಿನಷ್ಟು ಚೈತನ್ಯವನ್ನು ತುಂಬಿದ್ದರು. ಬರ್ಟೋಝಿ ಅವರ 45 ಲಕ್ಷಕ್ಕೆ ಇದು ಇಪ್ಪತ್ತಮೂರು ಸಾವಿರ ಪಟ್ಟು. ಅಂಥ ಎಲೆಕ್ಟ್ರಾನನ್ನೂ ಬೆಳಕಿನ ಕಿರಣವನ್ನೂ ಜೊತೆಯಲ್ಲಿ ಓಡಬಿಟ್ಟರೆ, ಒಂದು ಸೆಕೆಂಡು ಕಳೆಯುವಷ್ಟರಲ್ಲಿ ಬೆಳಕು ಮೂರೂವರೆ ಮಿಲಿಮೀಟರಿನಷ್ಟು ಮುಂದಿರುತ್ತದೆ.