ಜೊತೆ ಕೆಲಸದವರನ್ನು ಕೇಳುವಾಗ



2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ರಾಜ್ಯ ಸರ್ಕಾರಿ ನೌಕರರು ಒಂದು ದಿನದ ಸಂಬಳ ಕೊಟ್ಟರು. ನಿಮ್ಮಲ್ಲಿ ಯಶವಂತಪುರ, ಪೀಣ್ಯ ಕಡೆ ಗಾರ್ಮೆಂಟ್ಸ್‌ಗೆ ಹೋಗುವವರಿದ್ದೀರಿ. ಲೈನಿನಲ್ಲಿ ಯಾರಿಗಾದರೂ ಕಷ್ಟ ಬಂದರೆ ನೀವೂ ಕೊಡುತ್ತೀರಿ, ನನಗೆ ಗೊತ್ತು. ಆದರೆ ಕೇಳುವ ರೀತಿ ಇದೆಯಲ್ಲ, ತೊಂದರೆ ಅಲ್ಲೇ. ಸೂಪರ್‌ವೈಸರ್ ಎದುರು ಹೆಸರು ಕೂಗಿ ಬರೆಸಿಕೊಂಡರೆ ಮನೆ ಬಾಡಿಗೆ ಕಟ್ಟಲಾಗದವಳೂ ನಾಚಿಕೆಗೆ ನೂರು ರೂಪಾಯಿ ಕೊಡುತ್ತಾಳೆ. ಅದನ್ನು ದಂಡ ಅಂತಲೇ ಹೇಳಬೇಕು. ಅದರ ಬದಲು ಸಂಬಳದ ವಾರ, ಊಟದ ಹೊತ್ತಿಗೆ ಮುಚ್ಚಿದ ಡಬ್ಬಿ ಇಡಿ. ಹತ್ತು ಹಾಕಿದವಳು ಯಾರು, ಐನೂರು ಹಾಕಿದವಳು ಯಾರು ಗೊತ್ತಾಗಬಾರದು. ಎಣಿಸುವಾಗ ಮೂವರಿರಲಿ. ಸಂಘದಲ್ಲಿ ಲೆಕ್ಕ ಓದುತ್ತೀರಲ್ಲ, ಹಾಗೆಯೇ ಒಟ್ಟು ಎಷ್ಟಾಯಿತೆಂದು ಮಾರನೇ ದಿನ ಎಲ್ಲರಿಗೂ ಹೇಳಿ. ಹಣವನ್ನು ಮಾತ್ರ ಆ ಮನೆಯ ಹೆಂಗಸಿನ ಕೈಗೇ ಕೊಡಿ.