ಅಂಡಾಶಯದ ಕ್ಯಾನ್ಸರ್: ವಂಶಾವಳಿಯಿಂದ ವಂಶವಾಹಿಯವರೆಗೆ

1866ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ ಗಡ್ಡೆಗಳ ಬಗ್ಗೆ ಒಂದು ದೊಡ್ಡ ಗ್ರಂಥ ಬರೆದರು. ಅದರಲ್ಲಿ ಒಂದು ಮನೆತನದ ಹೆಂಗಸರ ಸಾವಿನ ಲೆಕ್ಕ ತಲೆಮಾರುಗಳ ಉದ್ದಕ್ಕೂ ದಾಖಲಾಗಿದೆ. ಅವುಗಳಲ್ಲಿ ಹಲವು ಸ್ತನ ಕ್ಯಾನ್ಸರಿನ ಸಾವುಗಳು. ಅದು ಅವರ ಹೆಂಡತಿಯ ತವರು ಮನೆತನ.

ಕ್ಯಾನ್ಸರ್ ರಕ್ತಸಂಬಂಧದಲ್ಲಿ ಹರಿದು ಬರಬಹುದು ಎಂಬ ಈ ಗುಮಾನಿಯನ್ನು ಮುಂದೆ ನೂರು ವರ್ಷ ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಹಟ ಬಿಡದವರು ಅಮೆರಿಕದ ಒಮಾಹಾ ನಗರದ ವೈದ್ಯ ಹೆನ್ರಿ ಲಿಂಚ್. ರೋಗಿಗಳ ಬಂಧುಬಳಗವನ್ನೆಲ್ಲ ವಿಚಾರಿಸಿ ವಂಶಾವಳಿ ಬರೆದ ಅವರು, ಕೆಲವು ಕುಟುಂಬಗಳಲ್ಲಿ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಜೊತೆಜೊತೆಯಾಗಿ ಬರುತ್ತವೆಂದು 1970ರ ದಶಕದ ಆರಂಭದಲ್ಲೇ ತೋರಿಸಿದರು.

1990ರಲ್ಲಿ ತಳಿವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ಅವರ ತಂಡ ಇಂಥ ಕುಟುಂಬಗಳಲ್ಲಿ ಹರಿದು ಬರುವ ದೋಷದ ಜಾಗವನ್ನು ಗುರುತಿಸಿತು. ಅದಿದ್ದದ್ದು 17ನೇ ವರ್ಣತಂತುವಿನ ಮೇಲೆ. 1994ರಲ್ಲಿ ಬಿಆರ್‌ಸಿಎ-1 ವಂಶವಾಹಿಯೇ ಕೈಗೆ ಸಿಕ್ಕಿತು, ಮರುವರ್ಷ ಬಿಆರ್‌ಸಿಎ-2. ಇವೆರಡೂ ಮುರಿದ ಡಿಎನ್‌ಎಯನ್ನು ರಿಪೇರಿ ಮಾಡುವ ವಂಶವಾಹಿಗಳು. ಬಿಆರ್‌ಸಿಎ-1 ದೋಷವಿರುವ ಪ್ರತಿ ಹತ್ತು ಮಹಿಳೆಯರಲ್ಲಿ ನಾಲ್ವರಿಗೂ ಹೆಚ್ಚು ಮಂದಿಗೆ 80 ವರ್ಷದೊಳಗೆ ಅಂಡಾಶಯದ ಕ್ಯಾನ್ಸರ್ ಬರಬಹುದೆಂದು ಅಂದಾಜು. ಬಿಆರ್‌ಸಿಎ-2 ದೋಷದಲ್ಲಿ ಈ ಪ್ರಮಾಣ ಶೇ. 17ರಷ್ಟು. ಉಳಿದ ಮಹಿಳೆಯರಲ್ಲಿ ಇದು ನೂರಕ್ಕೆ ಒಂದೆರಡು ಮಾತ್ರ.

ಈ ದೋಷಗಳನ್ನು ಪತ್ತೆಹಚ್ಚುವ ಪರೀಕ್ಷೆ ಬಂತು, ವಂಶವಾಹಿಗಳ ಮೇಲೆ ಪೇಟೆಂಟೂ ಬಂತು. ಹಲವು ವರ್ಷ ಅಮೆರಿಕದಲ್ಲಿ ಮಿರಿಯಡ್ ಜೆನೆಟಿಕ್ಸ್ ಕಂಪನಿಯೊಂದೇ ಈ ಪರೀಕ್ಷೆ ಮಾಡುತ್ತಿತ್ತು; ಶುಲ್ಕ 3,000 ಡಾಲರ್ ದಾಟಿತ್ತು. 2013ರ ಮೇ ತಿಂಗಳಲ್ಲಿ ನಟಿ ಏಂಜಲಿನಾ ಜೋಲಿ ತಮ್ಮ ಬಿಆರ್‌ಸಿಎ-1 ದೋಷವನ್ನು ಬಹಿರಂಗಪಡಿಸಿದರು. ಅವರ ತಾಯಿ ತೀರಿಕೊಂಡದ್ದು 56ನೇ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ. ಮರುತಿಂಗಳೇ ಅಮೆರಿಕದ ಸುಪ್ರೀಂ ಕೋರ್ಟ್, ಪ್ರಕೃತಿಸಹಜ ಡಿಎನ್‌ಎಗೆ ಪೇಟೆಂಟ್ ಇಲ್ಲವೆಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಬೇರೆ ಪ್ರಯೋಗಾಲಯಗಳೂ ಕಣಕ್ಕಿಳಿದವು, ಬೆಲೆ ಇಳಿಯಿತು.

ಅಲ್ಲಿಯವರೆಗೆ ಈ ಪರೀಕ್ಷೆ ಮುಖ್ಯವಾಗಿ ಮುಂದಿನ ಅಪಾಯವನ್ನು ಹೇಳುತ್ತಿತ್ತು. ಈಗಾಗಲೇ ಕಾಯಿಲೆ ಬಿದ್ದವರಿಗೆ ಅದರಿಂದೇನು ಲಾಭ? ಉತ್ತರದ ಬೀಜ 2005ರಲ್ಲೇ ಬಿದ್ದಿತ್ತು. ಬ್ರಿಟನ್ನಿನ ವಿಜ್ಞಾನಿಗಳ ಎರಡು ತಂಡಗಳು ಒಟ್ಟಿಗೇ ಒಂದು ಸಂಗತಿ ಕಂಡುಕೊಂಡವು. ಬಿಆರ್‌ಸಿಎ ಕೆಟ್ಟ ಕ್ಯಾನ್ಸರ್ ಕೋಶ ಪಾರ್ಪ್ ಎಂಬ ಇನ್ನೊಂದು ರಿಪೇರಿ ಕಿಣ್ವವನ್ನು ನೆಚ್ಚಿಕೊಂಡಿರುತ್ತದೆ. ಒಂದೆತ್ತು ಕುಂಟಾದ ಬಂಡಿಯಿಂದ ಇನ್ನೊಂದನ್ನೂ ಬಿಚ್ಚಿದ ಹಾಗೆ, ಆ ಕಿಣ್ವವನ್ನು ತಡೆದರೆ ಕೋಶ ಸಾಯುತ್ತದೆ. ಈ ತತ್ವದ ಮೇಲೆ ರೂಪುಗೊಂಡ ಒಲಾಪರಿಬ್ ಗುಳಿಗೆಗೆ 2014ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಿಆರ್‌ಸಿಎ ದೋಷವಿದ್ದು ಕಿಮೋಗೆ ಸ್ಪಂದಿಸಿದ್ದ ರೋಗಿಗಳಿಗೆ ಇದನ್ನು ಕೊಡಲಾಯಿತು. ಮೂರು ವರ್ಷದ ನಂತರವೂ ಶೇ. 60ರಷ್ಟು ಮಂದಿಯಲ್ಲಿ ರೋಗ ಮುಂದುವರಿದಿರಲಿಲ್ಲ. ಹುಸಿಗುಳಿಗೆ ಪಡೆದವರಲ್ಲಿ ಈ ಪ್ರಮಾಣ ಶೇ. 27.

ಪರೀಕ್ಷೆ ಬೇಕೇ ಎಂದು ಯೋಚಿಸುವಾಗ 'ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ' ಎಂಬ ಮಾತನ್ನು ನೆಚ್ಚಿಕೊಳ್ಳುವಂತಿಲ್ಲ. ಆಸ್ಟ್ರೇಲಿಯಾದಲ್ಲಿ ಅಂಡಾಶಯದ ಕ್ಯಾನ್ಸರಿನ 1,001 ರೋಗಿಗಳನ್ನು ಪರೀಕ್ಷಿಸಿದಾಗ ಶೇ. 14ರಷ್ಟು ಮಂದಿಯಲ್ಲಿ ದೋಷ ಕಂಡಿತು; ಅವರಲ್ಲಿ ಶೇ. 44ರಷ್ಟು ಮಂದಿಯ ಕುಟುಂಬದಲ್ಲಿ ಇಂಥ ಚರಿತ್ರೆಯೇ ಇರಲಿಲ್ಲ. ದೋಷ ತಂದೆಯ ಕಡೆಯಿಂದಲೂ ಬರುತ್ತದೆ, ಗಂಡಸರಲ್ಲಿ ಹಲವು ಸಲ ಸದ್ದಿಲ್ಲದೆ ದಾಟಿಬಿಡುತ್ತದೆ.

ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಪಾಲುಂಟು. ಯಹೂದಿ ಕುಟುಂಬಗಳಲ್ಲಿ ಹೆಸರಾದ ಬಿಆರ್‌ಸಿಎ-1ರ ಒಂದು ದೋಷ ದಕ್ಷಿಣ ಭಾರತದ ಮಹಿಳೆಯರಲ್ಲೂ ಇದೆಯೆಂದು 2009ರಲ್ಲಿ ಇಲ್ಲಿನ ಸಂಶೋಧಕರು ವರದಿ ಮಾಡಿದರು.

ಅಂಡಾಶಯದ ಕ್ಯಾನ್ಸರ್ ಪತ್ತೆಯಾದ ಮಹಿಳೆ, ವಯಸ್ಸು ಎಷ್ಟೇ ಇರಲಿ, ಈ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಬೇಕಾಗುವುದು ಸ್ವಲ್ಪ ರಕ್ತ ಅಥವಾ ಎಂಜಲು. ದೋಷ ಕಂಡರೆ ಒಡಹುಟ್ಟಿದವರಿಗೂ ಮಕ್ಕಳಿಗೂ ತಿಳಿಸಬೇಕು. ಪ್ರತಿ ಮಗುವಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ.