ಔಷಧ ಚೀಟಿಯೂ ಒಂದು ಪಾಠ



ಮಗನೋ ಮಗಳೋ ಡಿ.ಫಾರ್ಮಾ ಮುಗಿಸಿ ಗುರುಮಠಕಲ್‌ನಲ್ಲೊಂದು ಔಷಧದಂಗಡಿ ತೆರೆಯಲಿ ಎಂದು ಹಂಬಲಿಸುವುದು ತಪ್ಪಲ್ಲ. ಅದು ಗೌರವದ ದುಡಿಮೆ. ಆದರೆ ಮಾತ್ರೆಯ ರಾಸಾಯನಿಕ ಗುಣವನ್ನು ಬಲ್ಲ ವಿದ್ಯಾರ್ಥಿಗೆ, ಅದೇ ಮಾತ್ರೆಯನ್ನು ರೋಗಿ ಅರ್ಧದಲ್ಲೇ ಏಕೆ ನಿಲ್ಲಿಸಿದ ಎಂಬುದು ತಿಳಿದಿದೆಯೇ?

ಭಾರತೀಯ ಫಾರ್ಮಸಿ ಪರಿಷತ್ತು ತನ್ನ 2020ರ ನಿಯಮಾವಳಿಯ ಮೂಲಕ ಡಿಪ್ಲೊಮಾದ ಪ್ರಥಮ ವರ್ಷಕ್ಕೆ ಸಾಮಾಜಿಕ ಫಾರ್ಮಸಿ ಎಂಬ ವಿಷಯವನ್ನು ಸೇರಿಸಿತು. ಅದನ್ನೂ ಗೈಡ್ ನೋಡಿ ಕಂಠಪಾಠ ಮಾಡಿದರೆ ಪ್ರಯೋಜನವೇನು?

ಕ್ಷಯರೋಗವನ್ನೇ ನೋಡೋಣ. ಸರಕಾರಿ ಕೇಂದ್ರದಲ್ಲಿ ಔಷಧ ಉಚಿತ. ಪೌಷ್ಟಿಕ ಆಹಾರಕ್ಕೆ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡಲಾಗುತ್ತಿತ್ತು. 2024ರ ನವೆಂಬರ್‌ನಿಂದ ಅದು 1000 ರೂಪಾಯಿ. ಇಷ್ಟು ಪುಸ್ತಕದಲ್ಲಿ ಸಿಗುತ್ತದೆ. ಆದರೆ ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳದ್ದು. ನಮ್ಮ ಕೂಲಿ ಕುಟುಂಬ ಗುಳೆ ಹೊರಡುವುದು ಅದರ ಮಧ್ಯದಲ್ಲೇ. ಊರು ಬಿಟ್ಟರೆ ಮಾತ್ರೆ ತಪ್ಪುತ್ತದೆ, ತಪ್ಪಿದರೆ ರೋಗ ಔಷಧಕ್ಕೆ ಬಗ್ಗದಂತಾಗಬಹುದು. ನಿಕ್ಷಯ್ ಸಂಖ್ಯೆ ತೋರಿಸಿದರೆ ಬೆಂಗಳೂರಿನಲ್ಲೂ ಚಿಕಿತ್ಸೆ ಮುಂದುವರಿಸಬಹುದೆಂಬ ಒಂದು ಮಾತನ್ನು ಹೇಳುವವರು ಯಾರು? ಇದನ್ನು ಕಲಿಸಬಲ್ಲವರು ಆಶಾ ಕಾರ್ಯಕರ್ತೆ ಮತ್ತು ಗುಳೆಯಿಂದ ಮರಳಿದ ಕೂಲಿಕಾರ.

ಮನೆಯ ಕಪಾಟಿನಲ್ಲಿರುವ ಹಳೆಯ ಆಸ್ಪತ್ರೆ ಬಿಲ್ಲನ್ನೂ ತರಗತಿಗೆ ಒಯ್ಯಿರಿ. 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ, 2018ರ ಆರೋಗ್ಯ ಕರ್ನಾಟಕ, ಇವು ಯಾವ ಖರ್ಚನ್ನು ಭರಿಸಿದವು, ಯಾವುದು ಕುಟುಂಬದ ಹೆಗಲಿಗೇ ಉಳಿಯಿತು ಎಂದು ಲೆಕ್ಕ ಹಾಕಿರಿ. ಜನೌಷಧಿಯ ಪಟ್ಟಿಯನ್ನೂ ಬ್ರಾಂಡಿನ ಪಟ್ಟಿಯನ್ನೂ ಪಕ್ಕದಲ್ಲಿಟ್ಟು ಔಷಧದ ಹೆಸರು, ಪ್ರಮಾಣ, ಬೆಲೆಗಳನ್ನು ಹೋಲಿಸಿರಿ. ಪತ್ರಿಕಾ ವರದಿಯನ್ನು ಸರಕಾರಿ ಅಂಕಿ ಅಂಶಗಳ ಜತೆ ತಾಳೆ ನೋಡಿರಿ. ಒಬ್ಬರ ಅನುಭವವೇ ಎಲ್ಲರ ಸತ್ಯವಲ್ಲ.

ಆದರೆ ಒಂದು ಎಚ್ಚರ. ರೋಗಿಯ ಒಪ್ಪಿಗೆಯಿಲ್ಲದೆ ಯಾವ ಚೀಟಿಯೂ ತರಗತಿಗೆ ಬರಕೂಡದು. ಬಂದರೂ ಹೆಸರು ಅಳಿಸಿರಬೇಕು. ಕ್ಷಯವೆಂಬ ಒಂದು ಪದ ಹೊರಬಿದ್ದರೆ ಹೆಣ್ಣುಮಗಳ ಮದುವೆಯೇ ಮುರಿದೀತು.

ತೆಲಂಗಾಣದ ಗಡಿಯಂಚಿನ ಈ ಊರಿನಲ್ಲಿ ಪಠ್ಯಪುಸ್ತಕ ಇಂಗ್ಲಿಷಿನದು. ರೋಗಿ ಕೇಳುವುದು ಕನ್ನಡದಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ. ಆ ಪ್ರಶ್ನೆಯನ್ನು ಕಿವಿಗೊಟ್ಟು ಕೇಳಬಲ್ಲವನೇ ನಿಜವಾದ ಔಷಧತಜ್ಞ; ಉಳಿದವನು ಬರಿಯ ವ್ಯಾಪಾರಿ. ನಮ್ಮ ಮಕ್ಕಳು ಏನಾಗಬೇಕೆಂಬುದನ್ನು ನಾವೇ ನಿರ್ಧರಿಸೋಣ.